ಉಪ್ಪಿನ ಗೋದಾಮಿನ ಕೊನೆಯ ಅಧ್ಯಾಯ

ನಮ್ಮ ಊರಿನಲ್ಲಿ ಕೊಲೆಗಾರರ ಸಂಖ್ಯೆ ಯಾವಾಗಲೂ ಇಪ್ಪತ್ತೈದೇ. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಹೊಸಬರು ಯಾರಾದರೂ ಇದನ್ನು ಕೇಳಿ ಗಾಬರಿಯಾದರೆ ಅವರನ್ನು ಪುರಸಭೆಯ ವಾಚನಾಲಯಕ್ಕೆ ಕರೆದುಕೊಂಡು ಹೋಗಿ ಗೋಡೆಯ ಮೇಲಿನ ಹಲಗೆಯನ್ನು ತೋರಿಸುತ್ತೇವೆ. ಪ್ರತಿ ವರ್ಷ ವೈಶಾಖದ ಮೊದಲ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಹಲಗೆಯ ಮೇಲೆ ಶ್ರೇಷ್ಠ ಪತ್ತೇದಾರಿ ಕಾದಂಬರಿಗಳ ಪಟ್ಟಿ ಏರುತ್ತದೆ. ಇಪ್ಪತ್ತೈದೇ ಪುಸ್ತಕ. ಪಟ್ಟಿಯಲ್ಲಿರುವ ಪುಸ್ತಕಗಳು ಇಡಿಯಾಗಿ ಉಳಿಯುತ್ತವೆ. ಉಳಿದ ಎಲ್ಲ ಪತ್ತೇದಾರಿ ಪುಸ್ತಕಗಳ ಕೊನೆಯ ಅಧ್ಯಾಯ ಅದೇ ಹತ್ತು ಗಂಟೆಗೆ ಅಳಿಸಿಹೋಗುತ್ತದೆ. ಹಾಳೆ ಇರುತ್ತದೆ, ಪುಟದ ಸಂಖ್ಯೆಯೂ ಇರುತ್ತದೆ, ಅಕ್ಷರ ಇರುವುದಿಲ್ಲ. ಬೇರೆ ಊರಿನಿಂದ ತರಿಸಿಕೊಳ್ಳೋಣವೆಂದರೆ ಪಾರ್ಸೆಲ್ಲು ನಮ್ಮ ಸೇತುವೆ ದಾಟುತ್ತಿದ್ದಂತೆ ಪುಟ ಬೆಳ್ಳಗಾಗುತ್ತದೆ. ಮೊದಲೇ ಓದಿ ಮುಗಿಸಿದವರಿಗಾದರೂ ನೆನಪಿರುತ್ತದಲ್ಲ ಎಂದು ನೀವು ಕೇಳಬಹುದು. ಇರುವುದಿಲ್ಲ. ಸತ್ತವನ ಮೀಸೆ ಎಷ್ಟು ದಪ್ಪವಿತ್ತು ಎಂಬುದು ಕೂಡ ನೆನಪಿರುತ್ತದೆ, ಕೊಂದವನ ಹೆಸರು ಮಾತ್ರ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಕೂತುಬಿಡುತ್ತದೆ.

ಇದಕ್ಕೆ ನಾವು ಹೊಂದಿಕೊಂಡಿದ್ದೆವು. ಯಾರ ಮನೆಯ ಪುಸ್ತಕ ತೆಗೆದರೂ ಕೊನೆಯ ಖಾಲಿ ಹಾಳೆಗಳಲ್ಲಿ ಏನಾದರೊಂದು ಬರೆದಿರುತ್ತಿದ್ದರು. ಸಾರಿನ ಪುಡಿಗೆ ಎಷ್ಟು ಧನಿಯಾ, ಮದುವೆಗೆ ಯಾರನ್ನು ಕರೆಯಬೇಕು, ಹದಿನೈದು ಚುಕ್ಕಿಯ ರಂಗೋಲಿ, ಮಕ್ಕಳ ಮಗ್ಗಿ. ಒಮ್ಮೊಮ್ಮೆ ಬಿಟ್ಟುಹೋದ ಪುಸ್ತಕ ಮತ್ತೆ ಪಟ್ಟಿಗೆ ಬರುವುದುಂಟು. ಆಗ ಅಚ್ಚಿನ ಅಕ್ಷರಗಳು ವಾಪಸು ಬರುತ್ತವೆ, ಆದರೆ ಖಾಲಿ ಇದ್ದ ಕಡೆ ಮಾತ್ರ. ನಮ್ಮ ಪಕ್ಕದ ಮನೆಯವರ ಪುಸ್ತಕವೊಂದು ಹಾಗೆ ವಾಪಸಾದಾಗ ಹದಿನಾರರ ಮಗ್ಗಿಯ ಎಡಕ್ಕೂ ಬಲಕ್ಕೂ ಪತ್ತೇದಾರನ ಮಾತು ಬಂದು ನಿಂತಿತು. ಕೊಲೆಗಾರ ಮಗ್ಗಿಯ ಅಡಿಯಲ್ಲೇ ಉಳಿದುಬಿಟ್ಟ. ಅವರ ಮನೆಯಲ್ಲಿ ವಾರಗಟ್ಟಲೆ ಜಗಳವಾಯಿತು. ಆ ಹಾಳೆಗಳಲ್ಲಿ ನಾವು ಏನು ಬೇಕಾದರೂ ಬರೆಯುತ್ತಿದ್ದೆವು, ಕೊಲೆಗಾರನ ಹೆಸರೊಂದನ್ನು ಬಿಟ್ಟು. ಅದು ಬರೆದವರಿಗೆ ಸೇರಿದ್ದು, ಇಲ್ಲವೇ ಪಟ್ಟಿ ಮಾಡುವವರಿಗೆ ಸೇರಿದ್ದು ಎಂದುಕೊಂಡಿದ್ದೆವು. ಯಾಕೆ ಹಾಗೆ ಅಂದುಕೊಂಡಿದ್ದೆವೋ, ಈಗ ಯೋಚಿಸಿದರೆ ನನಗೇ ನಗು ಬರುತ್ತದೆ.

ನಾನು ಹಪ್ಪಳ ಕೇಂದ್ರದಲ್ಲಿ ಓದುವವಳು. ಹೆಸರು ಸರ್ವಮಂಗಳ ಎಂದಿದ್ದರೂ ಅಲ್ಲಿನ ಹೆಂಗಸರು "ಓದಮ್ಮ, ಓದಮ್ಮ" ಎಂದು ಅವಸರ ಮಾಡಿ ಮಾಡಿ ಅದೇ ನನ್ನ ಹೆಸರಾಯಿತು. ಉದ್ದನೆಯ ಹಜಾರದಲ್ಲಿ ಇಪ್ಪತ್ತೆರಡು ಜನ ಮಣೆ ಲಟ್ಟಣಿಗೆ ಹಿಡಿದು ಎರಡು ಸಾಲಾಗಿ ಕೂರುತ್ತಾರೆ. ಉದ್ದಿನ ಹಿಟ್ಟನ್ನು ಕಲಸಿ, ಕುಟ್ಟಿ, ಉದ್ದಕ್ಕೆ ಹೊಸೆದು, ದಾರದಿಂದ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಅವರ ಮುಂದೆ ಇಟ್ಟ ಮೇಲೆ ನಾನು ಎತ್ತರದ ಸ್ಟೂಲಿನ ಮೇಲೆ ಕೂತು ಓದಲು ಶುರು ಮಾಡುತ್ತೇನೆ. ಒಂದು ದಿನದ ಹಿಟ್ಟಿಗೆ ಒಂದು ಅಧ್ಯಾಯ. ಹಿಟ್ಟು ಮುಗಿದರೆ ಓದೂ ಮುಗಿಯಿತು. ಕೊಲೆ ನಡೆಯುವ ದಿನ ಹಪ್ಪಳ ತೆಳ್ಳಗೆ ಬರುತ್ತವೆ, ಪ್ರೀತಿ ಪ್ರೇಮದ ದಿನ ದಪ್ಪ. ಮೇಲ್ವಿಚಾರಕಿ ಗಿರಿಜಾಂಬ ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿ ಅಂದು ಯಾರು ಸತ್ತರೆಂದು ಹೇಳಬಲ್ಲರು.

ಓದುವವಳಿಗೆ ಒಂದು ಕಟ್ಟುಪಾಡಿದೆ. ಮುಂದಿನದನ್ನು ಅವಳು ಮೊದಲೇ ಓದಕೂಡದು. ಇಪ್ಪತ್ತೆರಡು ಜೊತೆ ಕಣ್ಣು ಅವಳ ಮುಖವನ್ನೇ ನೋಡುತ್ತಿರುತ್ತವೆ. ಅವಳಿಗೆ ಗೊತ್ತಿದ್ದರೆ ಎಲ್ಲರಿಗೂ ಗೊತ್ತಾದಂತೆ. ಅದಕ್ಕಾಗಿ ಪುಸ್ತಕ ಬಂದ ದಿನವೇ ಪ್ರತಿ ಅಧ್ಯಾಯವನ್ನೂ ಹಿಟ್ಟು ಕತ್ತರಿಸುವ ದಾರದಿಂದಲೇ ಬೇರೆ ಬೇರೆಯಾಗಿ ಕಟ್ಟಿಬಿಡುತ್ತಾರೆ. ದಿನಕ್ಕೊಂದು ಗಂಟು ಎಲ್ಲರೆದುರಿಗೆ ಬಿಚ್ಚುವುದು. ನಾನು ಹನ್ನೆರಡು ವರ್ಷದಲ್ಲಿ ಒಂದೇ ಒಂದು ಗಂಟನ್ನೂ ಕದ್ದು ಬಿಚ್ಚಿದವಳಲ್ಲ.

ಈಗ ದೇವೀರಮ್ಮನ ವಿಷಯ. ಎಡಗಡೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಕೂರುವ ಆಕೆ ಕೇಂದ್ರದ ಎಲ್ಲರಿಗಿಂತ ಹಳಬಳು. ಅಕ್ಷರ ಬಾರದು, ಆದರೆ ಕೇಳಿದ್ದನ್ನು ಮರೆಯುವ ಗುಣವೂ ಇಲ್ಲ. ಮೂವತ್ತೊಂದು ವರ್ಷದ ಹಿಂದೆ, ಆಕೆ ಹೊಸದಾಗಿ ಕೆಲಸಕ್ಕೆ ಸೇರಿದಾಗ, ಅಂದಿನ ಓದುವವಳು 'ಉಪ್ಪಿನ ಗೋದಾಮು' ಎಂಬ ಕಾದಂಬರಿ ಓದುತ್ತಿದ್ದಳಂತೆ. ಹತ್ತೊಂಬತ್ತು ಅಧ್ಯಾಯ ಮುಗಿದು ಇಪ್ಪತ್ತನೆಯದೊಂದು ಉಳಿದಿದ್ದಾಗ ಪಟ್ಟಿ ಬಂತು, ಪುಸ್ತಕ ಬಿದ್ದುಹೋಯಿತು. ಉಪ್ಪಿನ ವ್ಯಾಪಾರಿ ಮರಿಯಣ್ಣನನ್ನು ಗೋದಾಮಿನಲ್ಲಿ ಕೊಂದವರು ಯಾರೆಂದು ಅಂದಿನಿಂದ ದೇವೀರಮ್ಮ ಯೋಚಿಸುತ್ತಲೇ ಇದ್ದಳು. ಮೊದಲ ಹತ್ತು ವರ್ಷ ಮರಿಯಣ್ಣನ ಅಳಿಯನೇ ಎಂದು ನಂಬಿದ್ದಳು. ತನ್ನ ಸ್ವಂತ ಅಳಿಯ ಒಳ್ಳೆಯವನಾಗಿ ಸಿಕ್ಕ ಮೇಲೆ ಆ ಅಳಿಯನನ್ನೂ ಬಿಟ್ಟುಕೊಟ್ಟಳು. ಆಮೇಲೆ ಹತ್ತು ವರ್ಷ ಗುಮಾಸ್ತನ ಬೆನ್ನು ಹತ್ತಿದಳು. ಅದೂ ಸಮಾಧಾನವಾಗಲಿಲ್ಲ. ನೂರಾರು ಕಾದಂಬರಿ ಕೇಳಿದ್ದಾಳೆ, ಅವುಗಳಲ್ಲಿ ಇದಕ್ಕಿಂತ ಚೆನ್ನಾಗಿರುವವು ಬೇಕಾದಷ್ಟಿವೆ ಎಂದು ಅವಳೇ ಒಪ್ಪುತ್ತಾಳೆ. ಆದರೂ ನಿನಗೆ ಇಷ್ಟವಾದದ್ದು ಯಾವುದು ಎಂದು ಕೇಳಿದರೆ ತಟ್ಟನೆ ಬರುವ ಉತ್ತರ ಇದೊಂದೇ.

ಹೋದ ವರ್ಷದ ಹಿಂದಿನ ವರ್ಷ ಪಟ್ಟಿಯ ಇಪ್ಪತ್ತೈದನೆಯ ಜಾಗಕ್ಕೆ ಏನೂ ಸಿಗದೆ ಪಟ್ಟಿ ಮಾಡುವ ಮಂಡಳಿಯವರು 'ಉಪ್ಪಿನ ಗೋದಾಮ'ನ್ನು ತಂದು ಕೂರಿಸಿದರು. ಅದರ ಒಂದು ಪ್ರತಿಯನ್ನು ಹುಡುಕಿ ಕೇಂದ್ರಕ್ಕೆ ತರುವಷ್ಟರಲ್ಲಿ ಚಳಿಗಾಲ ಕಳೆದಿತ್ತು. ಅಷ್ಟರಲ್ಲಿ ಹಜಾರದಲ್ಲಿ ಬೇರೊಂದು ದಪ್ಪನೆಯ ಪುಸ್ತಕ ಅರ್ಧಕ್ಕೆ ಬಂದಿತ್ತು. ಹಿಡಿದದ್ದನ್ನು ಮುಗಿಸದೆ ಮುಂದಿನದಕ್ಕೆ ಕೈ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ 'ಉಪ್ಪಿನ ಗೋದಾಮಿ'ನ ಮೊದಲ ಗಂಟು ಬಿಚ್ಚಿದಾಗ ಹೊಸ ಪಟ್ಟಿಗೆ ಒಂದು ತಿಂಗಳೂ ಉಳಿದಿರಲಿಲ್ಲ. ಲೆಕ್ಕ ಹಾಕಿದೆವು. ಗುರುವಾರಕ್ಕೆ ಮುಂಚೆ ಮುಗಿಯುತ್ತದೆ, ಒಂದು ದಿನ ಕೈಯಲ್ಲಿ ಉಳಿಯುತ್ತದೆ. ಆ ದಿನಗಳಲ್ಲಿ ದೇವೀರಮ್ಮ ಎಲ್ಲರಿಗಿಂತ ಮುಂಚೆ ಬಂದು ಮಣೆ ಒರೆಸಿಕೊಂಡು ಕೂತಿರುತ್ತಿದ್ದಳು.

ಪಟ್ಟಿಗೆ ಐದು ದಿನ ಮೊದಲು, ಶನಿವಾರ ಮಧ್ಯಾಹ್ನ, ವಾಚನಾಲಯದಲ್ಲಿ ಅಹವಾಲು ಕೇಳುತ್ತಾರೆ. ಯಾರು ಬೇಕಾದರೂ ಹೋಗಿ ತಮ್ಮ ಪುಸ್ತಕದ ಪರವಾಗಿ ಮಾತಾಡಬಹುದು. ಹದಿನೆಂಟನೆಯ ಅಧ್ಯಾಯ ಓದಿ ಮುಗಿಸಿ ನಾನು ಅಲ್ಲಿಗೆ ಹೋದೆ. ಪಟ್ಟಿಯಲ್ಲಿ ಉಳಿದುಬಿಟ್ಟರೆ ಮಳೆ ಬಂದು ಒಂದೆರಡು ದಿನ ಓದು ತಪ್ಪಿದರೂ ಚಿಂತೆಯಿಲ್ಲವಲ್ಲ ಎಂಬ ಆಸೆ. ಮಂಡಳಿಯ ಅಧ್ಯಕ್ಷರು ಚನ್ನಕೇಶವಯ್ಯ ಮೇಷ್ಟ್ರು. ಮೂವತ್ತು ವರ್ಷ ರೇಖಾಗಣಿತ ಹೇಳಿಕೊಟ್ಟವರು, ಊರಿನಲ್ಲಿ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಅವರನ್ನು ಕೆಟ್ಟವರು ಎನ್ನಲಾರೆ. ಅವರಷ್ಟು ಪ್ರಾಮಾಣಿಕರನ್ನು ನಾನು ನೋಡಿಲ್ಲ, ಅದೇ ತೊಂದರೆ. ಸುಳಿವಿಗೆ ಇಪ್ಪತ್ತೈದು, ತರ್ಕಕ್ಕೆ ಮೂವತ್ತು, ಪಾತ್ರಕ್ಕೆ ಹದಿನೈದು ಎಂದು ಹೀಗೆ ನೂರಕ್ಕೆ ಅಂಕ ಹಾಕುತ್ತಾರೆ. ನಮ್ಮ ಪುಸ್ತಕಕ್ಕೆ ಐವತ್ತೆಂಟು ಬಿದ್ದಿತ್ತು. ಈ ಸಲ ಅರವತ್ತಕ್ಕಿಂತ ಕೆಳಗಿನದ್ದಕ್ಕೆ ಜಾಗವಿಲ್ಲ.

ಮೇಷ್ಟ್ರು ಪುಸ್ತಕದ ಕೊನೆಯ ಭಾಗವನ್ನು ಅಂಗೈಯಿಂದ ಮುಚ್ಚಿಕೊಂಡು, ನನ್ನ ಕಟ್ಟುಪಾಡಿಗೆ ಭಂಗ ಬಾರದಂತೆ, ತಪ್ಪುಗಳನ್ನು ಒಂದೊಂದಾಗಿ ತೋರಿಸಿದರು. ಕೊಲೆಯಾದ ಸಂಜೆ ಗೂಡ್ಸ್ ಗಾಡಿ ಐದೂ ನಲವತ್ತಕ್ಕೆ ಬಂತೆಂದು ಮೂರನೇ ಅಧ್ಯಾಯದಲ್ಲಿ ಗುಮಾಸ್ತ ಹೇಳುತ್ತಾನೆ. ಹನ್ನೊಂದನೆಯದರಲ್ಲಿ ಸ್ಟೇಷನ್ ಮಾಸ್ಟರು ಅದೇ ಗಾಡಿ ಆರೂ ಹತ್ತಕ್ಕೆ ಬಂತೆನ್ನುತ್ತಾನೆ. ಎರಡನೇ ಅಧ್ಯಾಯದಲ್ಲಿ ಗೋದಾಮಿನ ಬಾಗಿಲಲ್ಲಿ ಕರಿಯ ಎಂಬ ನಾಯಿ ಮಲಗಿರುತ್ತದೆ. ಆಮೇಲೆ ಇಡೀ ಪುಸ್ತಕದಲ್ಲಿ ಆ ನಾಯಿಯ ಸುದ್ದಿಯೇ ಇಲ್ಲ. ಲೇಖಕ ಮರೆತುಬಿಟ್ಟಿದ್ದಾನೆ, ಇಷ್ಟು ಅಜಾಗರೂಕತೆ ಇರುವವನಿಗೆ ಐವತ್ತೆಂಟು ಕೊಟ್ಟದ್ದೇ ಹೆಚ್ಚು ಎಂದರು. ಇದು ಶ್ರೇಷ್ಠ ಪುಸ್ತಕವೆಂದು ನಾನು ಹೇಳುತ್ತಿಲ್ಲ, ನಮ್ಮಲ್ಲಿ ಒಬ್ಬರಿಗೆ ಇದು ಬಹಳ ಇಷ್ಟ, ಮೂವತ್ತೊಂದು ವರ್ಷ ಕಾದಿದ್ದಾರೆ ಎಂದೆ.

"ಇಷ್ಟಕ್ಕೆ ನನ್ನ ಹತ್ತಿರ ಕಾಲಂ ಇಲ್ಲವಲ್ಲಮ್ಮ," ಎಂದರು ಮೇಷ್ಟ್ರು. ಬೇಸರದಿಂದಲೇ ಹೇಳಿದರು.

"ನಿಮಗೆ ಯಾವುದು ಇಷ್ಟ ಮೇಷ್ಟ್ರೇ?" ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅಂಥದೊಂದು ಇತ್ತು, ಅದಕ್ಕೆ ನಲವತ್ತೊಂದೇ ಅಂಕ ಬಂತು, ನಾನೇ ಹಾಕಿದ್ದು ಎಂದರು. ಆಮೇಲೆ ಮುಂದಿನವರನ್ನು ಕರೆದರು.

ಸೋಮವಾರ ಹಜಾರದಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಹೆಂಗಸರು ಮೇಷ್ಟ್ರಿಗೆ ಮನಸಾರೆ ಬೈದರು. ದೇವೀರಮ್ಮ ಬೈಯಲಿಲ್ಲ. ಲಟ್ಟಣಿಗೆಯನ್ನು ಮಣೆಯ ಮೇಲೆ ನಿಲ್ಲಿಸಿಕೊಂಡು, ಗಾಡಿಯ ವಿಷಯ ಇನ್ನೊಂದು ಸಲ ಹೇಳು ಎಂದಳು. ಹೇಳಿದೆ. ನಾಯಿಯ ವಿಷಯ ಕೇಳಿದಳು. ಅದನ್ನೂ ಹೇಳಿದೆ. ಹತ್ತೊಂಬತ್ತನೆಯ ಗಂಟಿಗೆ ನಾನು ಕೈ ಹಾಕುತ್ತಿದ್ದಂತೆ ಆಕೆ ತಡೆದಳು.

"ಇವತ್ತು ಅದು ಬ್ಯಾಡ ಕಣವ್ವ. ಹದಿನೇಳನೇದು ಇನ್ನೊಂದ್ಸಲ ಓದು."

ಒಂದು ದಿನ ಹೆಚ್ಚಿಗೆ ಇದ್ದುದರಿಂದ ಯಾರೂ ಬೇಡವೆನ್ನಲಿಲ್ಲ. ಹದಿನೇಳನೆಯದು ಎಲ್ಲರಿಗೂ ಪ್ರಿಯವಾದ ಅಧ್ಯಾಯವೇ. ಇನ್‌ಸ್ಪೆಕ್ಟರು ಒಬ್ಬೊಬ್ಬರನ್ನೂ ಭೇಟಿಯಾಗಿ ಸುಮ್ಮನೆ ಕಾಫಿ ಕುಡಿದು ಬರುತ್ತಾನೆ, ಅಷ್ಟೇ. ಯಾರ ಮನೆಯ ಕಾಫಿ ಹೇಗಿತ್ತೆಂದು ವಿವರವಾಗಿ ಬರುತ್ತದೆ. ನಾನೂ ರಾಗವಾಗಿ ಓದಿದೆ. ಮಂಗಳವಾರ ಹತ್ತೊಂಬತ್ತು ಮುಗಿಯಿತು. ಬುಧವಾರಕ್ಕೆ ಇಪ್ಪತ್ತನೆಯದೊಂದೇ ಬಾಕಿ.

ಬುಧವಾರ ಬೆಳಿಗ್ಗೆ ಏಳಕ್ಕೇ ಮೋಡ ಕಟ್ಟಿ, ಎಂಟಕ್ಕೆ ಮಳೆ ಹಿಡಿಯಿತು. ಬಿಸಿಲಿಲ್ಲದ ದಿನ ಹಪ್ಪಳ ಒಣಗುವುದಿಲ್ಲ, ಹಪ್ಪಳವಿಲ್ಲದ ದಿನ ಕೇಂದ್ರದ ಬಾಗಿಲು ತೆಗೆಯುವುದಿಲ್ಲ. ಮಧ್ಯಾಹ್ನದ ತನಕ ಮನೆಯ ಜಗಲಿಯಲ್ಲಿ ನಿಂತು ಆಕಾಶಕ್ಕೆ ಹಿಡಿಶಾಪ ಹಾಕಿದೆ. ಸೋಮವಾರದ ದಿನವನ್ನು ಕಾಫಿ ಕುಡಿಯುವುದರಲ್ಲಿ ಕಳೆದೆವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಕೊನೆಗೆ ತಡೆಯಲಾರದೆ ಗಿರಿಜಾಂಬ ಅವರ ಮನೆಗೆ ಹೋಗಿ ಬೀಗದಕೈ ಇಸಿದುಕೊಂಡು, ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ದೇವೀರಮ್ಮನ ಮನೆಗೆ ನಡೆದೆ. ಕಟ್ಟುಪಾಡು ಮುರಿಯಲು ಹೊರಟಿದ್ದೆ. ನನಗೆ ನಾಚಿಕೆಯೂ ಆಗಲಿಲ್ಲ.

ದೇವೀರಮ್ಮ ಒಲೆಯ ಮುಂದೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಪುಸ್ತಕ ನೋಡಿ ಕೈ ನಿಲ್ಲಿಸಿದಳು. ನಾಳೆ ಹತ್ತಕ್ಕೆ ಇದು ಹೋಗುತ್ತದೆ, ಈಗ ನಿಮಗೊಬ್ಬರಿಗೆ ಓದಿಬಿಡುತ್ತೇನೆ, ಕೇಳಿಬಿಡಿ ಎಂದೆ. ಆಕೆ ಬಹಳ ಹೊತ್ತು ಆ ದಾರದ ಗಂಟನ್ನೇ ನೋಡಿದಳು. ಕೈ ಚಾಚಿ ಒಮ್ಮೆ ಮುಟ್ಟಿಯೂ ನೋಡಿದಳು. ಅವಳಿಗೆ ಎಷ್ಟು ಆಸೆಯಿತ್ತೆಂದು ನನಗೆ ಗೊತ್ತಿತ್ತು.

"ಇಪ್ಪತ್ತೆರಡು ಜನ ಒಟ್ಟಿಗೆ ಕೇಳಿದ್ದು. ಕೊನೇದೊಂದ ನಾನೊಬ್ಳೇ ಕೇಳಿದ್ರೆ ನಾಳೆ ಅವರ ಮುಖ ಹೆಂಗೆ ನೋಡ್ಲಿ? ತಗೊಂಡೋಗಿ ಮಡಗವ್ವ," ಎಂದಳು.

ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ಲೋಟ ಕಾಫಿ ಕೊಟ್ಟು ಕಳಿಸಿದಳು. ದಾರಿಯುದ್ದಕ್ಕೂ ಅಳು ಬಂತು. ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಗಂಟು ಬಿಚ್ಚಲಿಲ್ಲ. ಹನ್ನೆರಡು ವರ್ಷದ ಹೆಸರು ಉಳಿಯಿತು, ಆ ಹೆಸರು ಅಂದು ನನಗೆ ಯಾವ ಸಮಾಧಾನವನ್ನೂ ಕೊಡಲಿಲ್ಲ.

ಗುರುವಾರ ಬಿಸಿಲು ಚೆನ್ನಾಗಿ ಬಂತು, ಬೇಕೆಂದೇ ಬಂದ ಹಾಗೆ. ಹತ್ತು ಗಂಟೆಗೆ ವಾಚನಾಲಯದ ಗಂಟೆ ಬಾರಿಸಿದ್ದು ಹಜಾರದವರೆಗೂ ಕೇಳಿಸಿತು. ಪಟ್ಟಿ ನೋಡಿ ಬಂದ ಜುಬೇದಾ ಬಾಗಿಲಲ್ಲೇ ನಿಂತು ತಲೆ ಅಲ್ಲಾಡಿಸಿದಳು. ಅವಳು ದೇವೀರಮ್ಮನ ಎದುರಿನ ಮಣೆಯವಳು, ನೇರ ಮಾತಿನವಳು. ಹನ್ನೊಂದಕ್ಕೆ ಹಿಟ್ಟು ಬಂತು. ಪದ್ಧತಿ ಎಂದರೆ ಪದ್ಧತಿ, ನಾನು ಸ್ಟೂಲ್ ಹತ್ತಿ ಕೊನೆಯ ಗಂಟನ್ನು ಬಿಚ್ಚಿ ಹಾಳೆಗಳನ್ನು ಎತ್ತಿ ತೋರಿಸಿದೆ. ಹನ್ನೆರಡು ಪುಟ, ಎಲ್ಲವೂ ಬಿಳಿ. ಯಾರ ಲಟ್ಟಣಿಗೆಯೂ ಅಲುಗಲಿಲ್ಲ. ಅಷ್ಟರಲ್ಲಿ ಜುಬೇದಾ, ಅಕ್ಕ, ಸೋಮವಾರ ನೀವು ಆ ಕಾಫಿ ಪುರಾಣ ಇನ್ನೊಂದು ಸಲ ಕೇಳದಿದ್ದರೆ ಇಷ್ಟು ಹೊತ್ತಿಗೆ ಗೊತ್ತಾಗಿರುತ್ತಿತ್ತು ಎಂದುಬಿಟ್ಟಳು. ಎಲ್ಲರ ಮನಸ್ಸಿನಲ್ಲಿದ್ದದ್ದೂ ಅದೇ.

"ಕಾಫಿ ಪುರಾಣ ಕೇಳದಿದ್ರೆ ನಂಗೆ ಗೊತ್ತಾಯ್ತಿರ್ಲಿಲ್ಲ," ಎಂದಳು ದೇವೀರಮ್ಮ. "ಸ್ಟೇಷನ್ ಮಾಸ್ಟ್ರೇ ಕೊಂದಿರೋದು."

ಸ್ಟೇಷನ್ ಮಾಸ್ಟರನ್ನು ಯಾರೂ ಅನುಮಾನಿಸಿರಲಿಲ್ಲ. ಅವನು ಕಥೆಯಲ್ಲಿ ನಾಲ್ಕು ಸಲ ಬಂದು ಹೋಗುವ ಮುದುಕ. ಕೆಲವರು ನಕ್ಕರು. ದೇವೀರಮ್ಮ ಹಿಟ್ಟಿನ ಬಿಲ್ಲೆಯೊಂದನ್ನು ಮಣೆಯ ಮೇಲಿಟ್ಟು ಲಟ್ಟಿಸುತ್ತ, ತನ್ನ ಪಾಡಿಗೆ ತಾನು ಹೇಳತೊಡಗಿದಳು. ಗುಮಾಸ್ತ ಗಾಡಿ ಬಂದದ್ದು ಐದೂ ನಲವತ್ತಕ್ಕೆ ಎಂದಾಗ ಕೊಲೆ ಯಾವ ಹೊತ್ತಿಗೆ ಆಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಸುಳ್ಳು ಹೇಳಲು ಅವನಿಗೆ ಕಾರಣವೇ ಇಲ್ಲ. ಸ್ಟೇಷನ್ ಮಾಸ್ಟರು ಹೇಳಿದ್ದು ಎಂಟು ಅಧ್ಯಾಯ ಆದ ಮೇಲೆ, ಹೊತ್ತು ಗೊತ್ತಾದ ನಂತರ. ಗಾಡಿಯನ್ನು ಅರ್ಧ ಗಂಟೆ ತಡ ಮಾಡಿ ಬರೆದುಕೊಂಡರೆ ಆ ಅರ್ಧ ಗಂಟೆ ಅವನು ಪ್ಲಾಟ್‌ಫಾರಮ್ಮಿನಲ್ಲಿ ಗಾಡಿ ಕಾಯುತ್ತಿದ್ದ ಹಾಗಾಯಿತು. ನಿಜವಾಗಿ ಗಾಡಿ ಬಂದಾಗಿತ್ತು, ಅವನು ಹಳಿಯ ಮೇಲೆ ನಡೆದು ಗೋದಾಮಿಗೆ ಹೋಗಿದ್ದ. ಯಾಕೆಂದರೆ ಅವನು ಸಿಗ್ನಲ್ ಕೊಡದೆ ನಿದ್ದೆ ಹೋಗಿದ್ದನೆಂದು ಮರಿಯಣ್ಣ ಮೇಲಿನವರಿಗೆ ಕಾಗದ ಬರೆಯುವುದರಲ್ಲಿದ್ದ. ಐದನೇ ಅಧ್ಯಾಯದಲ್ಲಿ ಮೇಜಿನ ಮೇಲೆ ಸಿಗ್ನಲ್ಲಿನ ಮಾತಿರುವ ಅರ್ಧ ಬರೆದ ಕಾಗದ ಸಿಗುತ್ತದೆ, ಅದನ್ನು ಯಾರಿಗೆ ಬರೆದದ್ದೆಂದು ಇನ್‌ಸ್ಪೆಕ್ಟರಿಗೆ ಗೊತ್ತಾಗುವುದಿಲ್ಲ.

"ನಾಯಿ ಏನಾಯ್ತಕ್ಕ?" ಎಂದು ಹಿಂದಿನಿಂದ ಯಾರೋ ಕೇಳಿದರು. ಈಗ ಯಾರೂ ನಗುತ್ತಿರಲಿಲ್ಲ.

ಅದಕ್ಕೇ ಹದಿನೇಳು ಕೇಳಿದ್ದು ಎಂದಳು ದೇವೀರಮ್ಮ. ಆ ಅಧ್ಯಾಯದಲ್ಲಿ ಇನ್‌ಸ್ಪೆಕ್ಟರು ಸ್ಟೇಷನ್ನಿಗೆ ಕಾಫಿಗೆ ಹೋದಾಗ ಮಾಸ್ಟರು ಮಾತಾಡುತ್ತ ಜೇಬಿನಿಂದ ಒಂದು ತುಂಡು ರೊಟ್ಟಿ ತೆಗೆಯುತ್ತಾನೆ, ಒಂದು ಗಳಿಗೆ ಅದನ್ನೇ ನೋಡುತ್ತಾನೆ, ಆಮೇಲೆ ಕಾಗೆಗಳಿಗೆ ಎಸೆಯುತ್ತಾನೆ. ನಾನು ಆ ಸಾಲನ್ನು ಎರಡು ಸಲ ಓದಿದವಳು, ಎರಡು ಸಲವೂ ಕಾಫಿಯ ಘಮದ ಮೇಲೇ ನನ್ನ ಗಮನ.

"ಜೇಬಲ್ಲಿ ರೊಟ್ಟಿ ಯಾರು ಇಟ್ಕೋತಾರೆ? ದಿನಾ ನಾಯಿಗೆ ಹಾಕೋನು ಇಟ್ಕೋತಾನೆ. ಆ ನಾಯಿ ಈಗಿಲ್ಲ, ಅಭ್ಯಾಸ ಹೋಗಿಲ್ಲ. ಅವತ್ತು ಕರಿಯ ಅವನ ಹಿಂದೇನೇ ಸ್ಟೇಷನ್‌ಗಂಟ ಬಂದೈತೆ. ಪೊಲೀಸ್ನೋರ ಮುಂದೆ ಬಂದು ಕಾಲು ನೆಕ್ಕಿದ್ರೆ ಇವನ ಗತಿ? ಕೊಲ್ಲೋಕೆ ಮನಸು ಬರಲಿಲ್ಲ ಪಾಪಿಗೆ. ಅದೇ ಗೂಡ್ಸ್ ಗಾಡಿ ಇನ್ನೂ ನಿಂತಿತ್ತಲ್ಲ, ಅದರ ಡಬ್ಬಿಗೆ ಹತ್ತಿಸಿ ಕಳಿಸಿಬಿಟ್ಟ. ಮನುಷ್ಯನ್ನ ಕೊಂದ ಕೈಗೆ ನಾಯಿ ಕೊಲ್ಲಕಾಗ್ಲಿಲ್ಲ ನೋಡಿ."

ಹಜಾರದಲ್ಲಿ ಒಟ್ಟಿಗೆ ಗದ್ದಲವೆದ್ದಿತು. ಮೇಷ್ಟ್ರು ಅಂಕ ಕಳೆದ ಎರಡು ಜಾಗದಿಂದಲೇ ಈ ಹೆಂಗಸು ಕೊಲೆಗಾರನನ್ನು ಎಳೆದು ತಂದಿದ್ದಳು. ಜುಬೇದಾ ಎದ್ದು ಬಂದು ದೇವೀರಮ್ಮನ ಹಿಟ್ಟಾದ ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಓದಮ್ಮ, ಪೆನ್ನು ತೆಗಿ ಎಂದಳು.

ಹಾಗೆ ನಾನು ಸ್ಟೂಲಿನಿಂದ ಇಳಿದು ಮೊದಲ ಸಲ ಅವರ ನಡುವೆ ನೆಲದ ಮೇಲೆ ಕೂತೆ. ದೇವೀರಮ್ಮ ಹೇಳಿದಳು, ನಾನು ಬರೆದೆ. ಇನ್‌ಸ್ಪೆಕ್ಟರಿಗೆ ಹೇಗೆ ಗೊತ್ತಾಯಿತು, ಮಾಸ್ಟರು ಒಪ್ಪಿಕೊಂಡಾಗ ಏನೆಂದ, ಎಲ್ಲ. ಕರಿಯ ದೂರದ ಇನ್ನೊಂದು ಸ್ಟೇಷನ್ನಿನಲ್ಲಿ ಸಿಕ್ಕಿದ ಎಂದು ಹಿಂದಿನ ಸಾಲಿನವರು ಹಟ ಹಿಡಿದು ಸೇರಿಸಿದರು. ಎಡೆ ಬಿಟ್ಟರೆ ಮುಂದೆ ಯಾವತ್ತಾದರೂ ಅಚ್ಚು ಬಂದು ಕೂತುಬಿಡುತ್ತದೆ ಎಂದು ಜುಬೇದಾ ಅಂಚನ್ನೂ ಬಿಡದೆ ತುಂಬಿಸಿದಳು. ಹನ್ನೆರಡನೆಯ ಪುಟದ ಅಡಿಯಲ್ಲಿ ಉಳಿದ ಜಾಗಕ್ಕೆ ಇಪ್ಪತ್ತೆರಡು ಹೆಸರು, ಅಕ್ಷರ ಬಾರದವರದು ಹಿಟ್ಟಿನ ಹೆಬ್ಬೆಟ್ಟು. ಅಂದಿನ ಹಪ್ಪಳವನ್ನು ಗಿರಿಜಾಂಬ ಬೆಳಕಿಗೆ ಹಿಡಿದು ನೋಡಿದರು. ಕೆಲವಂತೂ ಆಚೆ ಕಡೆಯ ಮುಖ ಕಾಣುವಷ್ಟು ತೆಳ್ಳಗಿದ್ದವು.

ಸುದ್ದಿಗೆ ಕಾಲು ಬೇಕೆ? ವಾರದೊಳಗೆ ಊರೆಲ್ಲ ಸ್ಟೇಷನ್ ಮಾಸ್ಟರನ ಮಾತೇ. ಬೀಡಿ ಕಟ್ಟುವ ಮನೆಯವರು ತಮ್ಮ ಹಳೆಯ ಪುಸ್ತಕ ತೆಗೆದು ತಾವೇ ಕೊಲೆಗಾರನನ್ನು ಹಿಡಿದರು. ದರ್ಜಿಗಳ ಬೀದಿಯಲ್ಲಿ ಒಂದೇ ಪುಸ್ತಕಕ್ಕೆ ಮೂರು ಅಂಗಡಿಯವರು ಮೂರು ಕೊನೆ ಬರೆದು, ಯಾರದು ಸರಿ ಎಂದು ಜಗಳವಾಡಿ, ಕೊನೆಗೆ ಮೂರನ್ನೂ ಸೇರಿಸಿ ಹೊಲಿದರು. ಮಗ್ಗಿ ಬರೆದಿದ್ದ ಪಕ್ಕದ ಮನೆಯವರು ಮಗ್ಗಿಯ ಮೇಲೆ ಹೊಸ ಹಾಳೆ ಅಂಟಿಸಿಕೊಂಡರು. ಇಪ್ಪತ್ತೈದೇ ಕೊಲೆಗಾರರಿದ್ದ ಊರಿನಲ್ಲಿ ಆ ಬೇಸಿಗೆ ಮುಗಿಯುವಷ್ಟರಲ್ಲಿ ಸಾವಿರಾರು ಕೊಲೆಗಾರರಾದರು. ಇಷ್ಟು ಸಂತೋಷವಾಗಿ ನಮ್ಮ ಊರನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಒಂದು ಬೆಳಿಗ್ಗೆ ಚನ್ನಕೇಶವಯ್ಯ ಮೇಷ್ಟ್ರು ಕೇಂದ್ರಕ್ಕೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲ ಪಕ್ಕ ಕೂತು, ನಮ್ಮ ಪ್ರತಿಯ ಹನ್ನೆರಡು ಪುಟ ಓದಿದರು. ಅವರಿಗೂ ಅಚ್ಚಿನ ಕೊನೆ ಮರೆತುಹೋಗಿತ್ತಲ್ಲ. ಓದಿ ಮುಗಿಸಿ ಇನ್ನೊಮ್ಮೆ ಮೂರನೇ ಅಧ್ಯಾಯ, ಹನ್ನೊಂದನೇ ಅಧ್ಯಾಯ ತೆಗೆದು ನೋಡಿದರು. ಗಡಿಯಾರದ ತಪ್ಪು ಎಂದುಕೊಂಡದ್ದು ಸುಳಿವು, ನಾಯಿ ಮರೆತದ್ದು ಎಂದುಕೊಂಡದ್ದು ಇನ್ನೂ ದೊಡ್ಡ ಸುಳಿವು, ಲೇಖಕನನ್ನು ಅಜಾಗರೂಕ ಎಂದು ಬರೆದವನು ನಾನು ಎಂದು ಪೇಚಾಡಿಕೊಂಡರು. ಅಲ್ಲೇ ಕೂತು ಹೊಸದಾಗಿ ಅಂಕ ಹಾಕಿದರು. ತೊಂಬತ್ತಮೂರು. ಏಳುವಾಗ ಚೀಲದಿಂದ ಒಂದು ತೆಳ್ಳನೆಯ ಪುಸ್ತಕ ತೆಗೆದು, ಇದು ಆ ನಲವತ್ತೊಂದು ಅಂಕದ್ದು, ಹುಡುಗನಾಗಿದ್ದಾಗ ಜ್ವರ ಬಂದು ಮಲಗಿ ಓದಿದ್ದು, ಇದಕ್ಕೆ ಕೊನೆ ಬರೆಯಲು ನನಗೆ ಧೈರ್ಯ ಸಾಲದು ಎಂದರು. ದೇವೀರಮ್ಮ ಅದನ್ನು ಇಸಿದುಕೊಂಡು ಹಿಟ್ಟಿನ ದಾರ ಕೊಡಿ ಎಂದಳು. ಮುಂದಿನ ಓದು ಅದೇ ಆಯಿತು. ಒಂದು ತಿಂಗಳ ಕಾಲ ಮೇಷ್ಟ್ರು ದಿನವೂ ಬಂದು ಬಾಗಿಲ ಪಕ್ಕ ಕೂತು ಕೇಳಿದರು. ಕೊನೆಯನ್ನು ತಾವೇ ಬರೆದರು, ಒಂದೇ ಉಸಿರಿನಲ್ಲಿ.

ಮರುವರ್ಷದ ವೈಶಾಖದಲ್ಲಿ ಹಲಗೆಯ ಮೇಲೆ ಮೂರನೆಯ ಸಾಲಿನಲ್ಲಿ 'ಉಪ್ಪಿನ ಗೋದಾಮು' ಇತ್ತು. ಹಜಾರದಲ್ಲಿ ನಾವು ನಮ್ಮ ಪ್ರತಿಯನ್ನು ತೆರೆದು ನೋಡಿದೆವು. ಅಚ್ಚು ಬಂದಿರಲಿಲ್ಲ. ಬರಲು ಜಾಗವೇ ಇರಲಿಲ್ಲ. ಎರಡು ಹೆಬ್ಬೆಟ್ಟುಗಳ ನಡುವೆ ಒಂದು ಪೂರ್ಣವಿರಾಮ ಮಾತ್ರ ಹೇಗೋ ನುಸುಳಿಕೊಂಡಿತ್ತು.

ಅಷ್ಟರಲ್ಲಿ ಮೇಷ್ಟ್ರು ಬಂದರು. ಮಂಡಳಿಯ ಪ್ರತಿ ಅವರ ಕಂಕುಳಲ್ಲಿತ್ತು. ಆ ಪ್ರತಿಯ ಹಾಳೆಗಳು ಖಾಲಿ ಇದ್ದವು, ಹಾಗಾಗಿ ಅಚ್ಚಿನ ಕೊನೆ ಪೂರ್ತಿ ವಾಪಸಾಗಿತ್ತು, ಅವರಿಗೆ ನೆನಪೂ ವಾಪಸಾಗಿತ್ತು. ಅವರ ಮುಖ ಇಳಿದುಹೋಗಿತ್ತು. ಯಾರೆಂದು ಹೇಳಲೋ ಬೇಡವೋ ಎಂದು ದೇವೀರಮ್ಮನನ್ನು ಕೇಳಿದರು. ಹಜಾರದಲ್ಲಿ ಲಟ್ಟಣಿಗೆಗಳು ನಿಂತವು. ಮೂವತ್ತೆರಡು ವರ್ಷ ಅವಳು ಕಾದದ್ದು ಆ ಪುಟಗಳಿಗೇ ಅಲ್ಲವೇ.

ಓದಿ ಮೇಷ್ಟ್ರೇ, ಎಲ್ಲಾರೂ ಕೇಳಾನ ಎಂದಳು ದೇವೀರಮ್ಮ. ಮೇಷ್ಟ್ರು ನನ್ನ ಸ್ಟೂಲಿನ ಮೇಲೆ ಕೂತು ಓದಿದರು. ಕೊಂದವನು ಅಳಿಯ. ಗೋದಾಮಿನ ಹಿಂದಿನ ಕಿಟಕಿಯಿಂದ ಬಂದು, ಕೊಂದು, ಅದೇ ಕಿಟಕಿಯಿಂದ ಹೋದ, ಅಷ್ಟೇ. ಹನ್ನೆರಡು ಪುಟದಲ್ಲಿ ಗಾಡಿಯ ಹೊತ್ತಿನ ಬಗ್ಗೆ ಒಂದು ಮಾತಿಲ್ಲ. ಕರಿಯನ ಹೆಸರಿಲ್ಲ. ರೊಟ್ಟಿಯಂತೂ ಇಲ್ಲವೇ ಇಲ್ಲ. ಅವೆಲ್ಲ ನಿಜವಾಗಿಯೂ ಲೇಖಕನ ಮರೆವೇ ಆಗಿದ್ದವು. ಮೇಷ್ಟ್ರು ಪುಸ್ತಕ ಮುಚ್ಚಿ, ನಾನು ಕೊಟ್ಟ ಅಂಕವೆಲ್ಲ ಯಾರಿಗೆ ಹೋಗಬೇಕಿತ್ತು ಎಂಬುದು ಈಗ ಗೊತ್ತಾಯಿತಮ್ಮ ಎಂದು ತಲೆ ತಗ್ಗಿಸಿದರು.

ದೇವೀರಮ್ಮ ಮಣೆಯ ಮೇಲಿನ ಹಪ್ಪಳವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅವಳ ಮುಖದಲ್ಲಿ ನಗು ಮೂಡಿತು. ಮೊದಲ ಹತ್ತು ವರ್ಷ ತಾನೇ ನಂಬಿದ್ದ ಅಳಿಯನನ್ನು ಯಾವತ್ತೋ ಬಿಟ್ಟುಕೊಟ್ಟು ಮುಂದೆ ಬಂದವಳ ನಗು ಅದು.

"ಪಾಪ," ಎಂದಳು, "ಬರೆದೋನಿಗೇ ಗೊತ್ತಾಗಿಲ್ಲ."